ಇರಣ್ಣನ ಅಂಗೈ ಪೂಜೆ

ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಎಂದವರಿಗೆ ಕಾಲು ಚಾಚಲು ಬರುತ್ತಿರಲಿಲ್ಲ ಎಂಬುದು ಲಗ್ಗೆರೆಯ ಇರಣ್ಣನ ಖಚಿತ ಅಭಿಪ್ರಾಯ. ಕೊರಳಲ್ಲಿ ಇಷ್ಟಲಿಂಗದ ಕರಡಿಗೆ, ಪೀಣ್ಯದಲ್ಲಿ ಸ್ವಂತ ಲೇತ್ ವರ್ಕ್‌ಶಾಪ್. ಶಾಲೆಯ ಮೆಟ್ಟಿಲು ಹತ್ತದೆ ಕಬ್ಬಿಣವನ್ನು ಕಬ್ಬಿನಂತೆ ಕೊರೆಯಲು ಕಲಿತ ಗಂಡು!

ಆದರೆ ಈಚೆಗೆ ಫೋನು ಬೇತಾಳನಂತೆ ಬೆನ್ನೇರಿತ್ತು. ಸ್ನಾನಕ್ಕೆ ಹೋದರೆ ಬಚ್ಚಲ ಕಿಟಕಿಯಲ್ಲಿ, ಊಟಕ್ಕೆ ಕೂತರೆ ರೊಟ್ಟಿಯ ಪಕ್ಕದಲ್ಲಿ. ಪೂಜೆ ಸೊರಗಿ ಸೊರಗಿ, ಲಿಂಗಕ್ಕೆ ನೀರು ತೋರಿಸುವಷ್ಟಕ್ಕೆ ಬಂದಿತ್ತು.

"ವರ್ಕ್‌ಶಾಪಿನ ಬೀಗದಕೈ ಮೇಘಾಗ ಕೊಡ್ರಿ," ಅಂದಳು ಹೆಂಡತಿ ಗೌರಮ್ಮ. "ಡಿಪ್ಲೊಮಾ ಓದಿ ನಿಮ್ಮ ಜೋಡಿ ದುಡಿಯೋ ಮಗಳು. ನೀವು ಸಮಾಧಾನದಿಂದ ಪೂಜಾ ಮಾಡ್ಕೋರಿ."

"ನನಗೇನು ಕೈಕಾಲು ಬಿದ್ದಾವೇನು? ಪೂಜಾನೂ ಮಾಡ್ತೀನಿ, ಧಂದೇನೂ ಮಾಡ್ತೀನಿ. ಪೂಜಾ ತಪ್ಪಿದ ದಿನ ಬೀಗದಕೈ ಮಗಳ ಕಡೆ ಒಗೀತೀನಿ."

"ನೋಡೂಣು."

ಮರುದಿನ ಬೆಳಿಗ್ಗೆ ಇರಣ್ಣ ವಿಭೂತಿ, ಬಿಲ್ವಪತ್ರೆ, ತಂಬಿಗೆ ನೀರು ಇಟ್ಟುಕೊಂಡು ದಂಡೆತ್ತಿ ಹೊರಟ ರಾಜನಂತೆ ಮಣೆಯೇರಿದ. ಕರಡಿಗೆಗೆ ಕೈ ಹಾಕುವಷ್ಟರಲ್ಲಿ ಫೋನು ಕೂಗಿತು. ದೊಡ್ಡ ಗಿರಾಕಿ ಭಾನುಪ್ರಕಾಶ್, ಅದೂ ವಿಡಿಯೋದಲ್ಲಿ.

"ಇರಣ್ಣಾವ್ರೇ, ಮಾಲು ಎಲ್ರೀ? ಒಂದ್ನಿಮಿಷ ಹಾಗೇ ಇರಿ, ಡ್ರಾಯಿಂಗ್ ನೋಡಿ ಹೇಳ್ತೀನಿ."

ಆ ಒಂದು ನಿಮಿಷವನ್ನು ಪೋಲು ಮಾಡಿದರೆ ಅವನು ಇರಣ್ಣನೇ ಅಲ್ಲ. ಕಣ್ಣು ಮುಚ್ಚಿದ, ಮಂತ್ರ ಹಿಡಿದ. ದಿನವೂ ಲಿಂಗ ಕೂರುವ ಎಡ ಅಂಗೈಯಂತೂ ತುಂಬಿಯೇ ಇತ್ತು! ಬಲಗೈ ತನ್ನ ಹಳೆಯ ರೂಢಿಯಂತೆ ನೀರೆರೆಯಿತು, ಮೂರು ಬೆರಳಿನಲ್ಲಿ ವಿಭೂತಿ ಬಳಿಯಿತು, ಪತ್ರೆ ಏರಿಸಿತು. ಅಂಗೈಯಲ್ಲಿ ನಿಂತ ನೀರನ್ನು ಇರಣ್ಣ ತೀರ್ಥವೆಂದು ಭಕ್ತಿಯಿಂದ ಹೀರಿಯೂ ಬಿಟ್ಟ.

ಕಣ್ಣು ಬಿಟ್ಟರೆ, ಬಿಲ್ವಪತ್ರೆಯ ಕೆಳಗೆ ಫೋನು ಶಿವೈಕ್ಯವಾಗಿತ್ತು.

ಅಷ್ಟರಲ್ಲಿ ಮೇಘಾ ತನ್ನ ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡೇ ಬಂದಳು. ಭಾನುಪ್ರಕಾಶನ ದನಿ ಮನೆಗೆಲ್ಲ ಕೇಳುತ್ತಿತ್ತು. "ಮೇಡಂ, ನಿಮ್ಮ ತಂದೆ ಮಂತ್ರ ಹೇಳ್ತಾ ನನ್ನ ಮುಖದ ಮೇಲೆ ನೀರು ಬಿಟ್ರು, ಬೂದಿ ಬಳಿದ್ರು. ಮಾಲು ಲೇಟಾದ್ರೆ ಲೇಟು ಅನ್ನಿ. ಬದುಕಿರೋವಾಗ್ಲೇ ತಿಥಿ ಮಾಡ್ಬಿಡೋದಾ?"

"ಇಲ್ಲ ಸಾರ್, ಪೂಜೆ ಮಾಡಿದ್ದು. ಮಾಲು ಸಂಜೆಗೆ ನಾನೇ ಕಳಿಸ್ತೀನಿ," ಅಂದು ಮಗಳು ಮಾತು ಮುಗಿಸಿದಳು. ಬಾಗಿಲಲ್ಲಿ ನಿಂತಿದ್ದ ಗೌರಮ್ಮ ಸುಮ್ಮನೆ ಕೈ ಚಾಚಿದಳು. ಬೀಗದಕೈಗೆ.

ಇರಣ್ಣ ಎದೆ ಸೆಟೆಸಿದ. "ಯಾಕ ಕೊಡಬೇಕು? ಪೂಜಾ ತಪ್ಪಿಲ್ಲ. ಮಂತ್ರ ಆತು, ವಿಭೂತಿ ಆತು, ಪತ್ರಿ ಆತು, ತೀರ್ಥಾನೂ ಕುಡಿದೀನಿ. ಏನು ಕಡಿಮಿ ಆಗೇತಿ ಹೇಳು!"

ಗೌರಮ್ಮ ಅವನ ಕೊರಳಲ್ಲಿ ಮುಚ್ಚಿದಂತೆಯೇ ಇದ್ದ ಕರಡಿಗೆಯನ್ನು ನೋಡಿದಳು.

"ದೇವರೊಬ್ಬ ಕಡಿಮಿ. ಹೋಗ್ಲಿ ಬಿಡ್ರಿ, ಭಾಳ ದಿನದಿಂದ ನೀವು ಪೂಜಾ ಮಾಡಾಕತ್ತಿದ್ದು ಆ ಫೋನಿಗೇ. ಇವತ್ತ ಜಳಕ ಮಾಡಿಸೀರಿ, ಅಷ್ಟ."

ಇರಣ್ಣ ಬೀಗದಕೈಯನ್ನು ಮಗಳ ಕಡೆ ಸರಿಸಿದ. ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಗೆ ತೆಗೆದುಕೊಂಡ. ಆದರೂ ಮೀಸೆ ಇಳಿಸಲಿಲ್ಲ.

"ಎರಡು ದೋಣಿ ಮಾತು ಈಗೂ ಸುಳ್ಳ, ತಿಳ್ಕೋ," ಅಂದ. "ನಾ ಮುಳುಗಿದಾಗ ಕಾಲಿಟ್ಟಿದ್ದು ಒಂದರಾಗ!"