ಓದಿ ನೋಡಿ ಒಪ್ಪಿದ್ದೇನೆ

ಸಿಟ್ಟು ಬಂದಾಗ ತಣ್ಣೀರು ಕುಡಿಯಿರಿ ಎಂದು ಉಪದೇಶ ಮಾಡುವವರನ್ನು ಕಂಡರೇ ನನಗೆ ಸಿಟ್ಟು ಬರುತ್ತದೆ. ಮೊನ್ನೆ ಒಂದು ಕೊಡ ಕುಡಿದಿದ್ದರೂ ನನ್ನ ಸಿಟ್ಟು ಆರುತ್ತಿರಲಿಲ್ಲ. ಮಗಳು ಸುಮಾ ಹೈಯರ್ ಸೆಕೆಂಡರಿಯ, ಅಂದರೆ ನಮ್ಮ ಕಡೆಯ ಪಿಯುಸಿಯ, ಗಣಿತದಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಅವಳು ಫಿಸಿಕ್ಸ್ ಆನರ್ಸ್ ಓದುವುದೆಂದು ನಾನು ತೀರ್ಮಾನಿಸಿದ್ದೆ. ಅವಳನ್ನು ಕೇಳಿದಿರಾ ಎನ್ನಬೇಡಿ. ಕೇಳುವುದೇನು ಬಂತು, ಅಪ್ಪ ನಾನಲ್ಲವೇ?

ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಬಂಗಾಳದಲ್ಲಿ ನಾವಿರುವ ಡಮ್ ಡಮ್‌ನಿಂದ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಾ ಗರಿಯಾಹಾಟ್ ಕಡೆಯ ಕಾಲೇಜಿಗೆ ಪಟ್ಟಿ ನೋಡಲು ಹೋದೆ. ಫಿಸಿಕ್ಸ್ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ! ಮೈಯೆಲ್ಲ ಉರಿದುಹೋಯಿತು. ಬಂಗಾಳಿಗಳಲ್ಲ, ಹೊರಗಿನವರೆಂದು ಕೈಬಿಟ್ಟಿದ್ದಾರೆ ಎಂದುಕೊಂಡು ಗುಮಾಸ್ತರ ಕಿಟಕಿಗೆ ಹೋಗಿ ಕೂಗಾಡಿದೆ. ಆತ ಚಹಾ ಪೂರ್ತಿ ಮುಗಿಸಿ, “ಮೊಶಾಯ್, ನಿಮ್ಮ ಮಗಳು ಬಂಗಾಳಿ ಆನರ್ಸ್ ಪಟ್ಟಿಯಲ್ಲಿ ಮೂರನೆಯವಳು. ಸಿಹಿ ಹಂಚುವುದು ಬಿಟ್ಟು ಬೈತೀರಲ್ಲ!” ಎಂದ.

ಬಂಗಾಳಿ! ಉಡುಪಿ ಕಡೆಯವರ ಮನೆಯ ಹುಡುಗಿ! ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಬಂದರೆ ಸಾಲದೇ ಆ ಭಾಷೆ? ಮನೆಗೆ ಹತ್ತಿರವೆಂದು ಬಂಗಾಳಿ ಶಾಲೆಗೆ ಸೇರಿಸಿದವನು ನಾನೇ ಎಂಬುದು ಬೇರೆ ಮಾತು. “ಇದು ಮೋಸ, ಹೆಸರು ತೆಗೀರಿ” ಎಂದೆ.

ಗುಮಾಸ್ತ ಅರ್ಜಿ ತೆಗೆದು ತೋರಿಸಿದ. ವಿಷಯದ ಎದುರು ಬಂಗಾಳಿ ಎಂದು ದಪ್ಪಕ್ಷರದಲ್ಲಿದೆ. ಕೆಳಗೆ ‘ಪೋಷಕನಾದ ನಾನು ಓದಿ ನೋಡಿ ಒಪ್ಪಿದ್ದೇನೆ’ ಎಂಬ ಸಾಲು. ಅದರ ಕೆಳಗೆ ಹಸಿರು ಶಾಯಿಯ ನನ್ನ ಸಹಿ, ನನ್ನದೇ ಮೊಹರು.

ನಮ್ಮ ಕನ್ನಡದವರಲ್ಲಿ ಗೆಜೆಟೆಡ್ ಅಧಿಕಾರಿಯೆಂದರೆ ಆಸುಪಾಸಿನಲ್ಲಿ ನಾನೊಬ್ಬನೇ. ಭಾನುವಾರ ಬೆಳಗಾದರೆ ಬಾರಾನಗರದಿಂದೆಲ್ಲ ಜನ ಮಕ್ಕಳ ಅಂಕಪಟ್ಟಿಯ ನಕಲು ದೃಢೀಕರಿಸಿಕೊಳ್ಳಲು ಬರುತ್ತಾರೆ. ಹೆಂಡತಿ ಕಾಫಿ ಕೊಡುತ್ತಾಳೆ, ನಾನು ಸಹಿ ಕೊಡುತ್ತೇನೆ. ಓದುತ್ತಾ ಕುಳಿತರೆ ಇಡ್ಲಿ ಆರುತ್ತದೆ.

“ಓದದೆ ಸಹಿ ಹಾಕಿದೆ ಅಂತ ಬರೆದುಕೊಡಿ, ಮೊಶಾಯ್. ಈಗಲೇ ತೆಗೀತೀನಿ” ಎಂದು ಗುಮಾಸ್ತ ಒಂದು ಹಾಳೆ ಮುಂದೆ ತಳ್ಳಿದ. ಅಧಿಕಾರಿಯಾದವನು ಅದನ್ನು ಬರೆದುಕೊಡುವುದೇ? ಹಲ್ಲು ಕಚ್ಚಿಕೊಂಡು ಹೊರಬಿದ್ದೆ.

ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಗುಡುಗಿದೆ. “ಹೆತ್ತ ಅಪ್ಪನ ಕಣ್ಣಿಗೇ ಮಣ್ಣೆರಚಿದೆಯಲ್ಲೇ! ಆ ರಾಶಿಯ ನಡುವೆ ತೂರಿಸಿ ಸಹಿ ಹೊಡೆಸಿಕೊಂಡೆಯಾ?”

ಸುಮಾ ಹೆದರಲಿಲ್ಲ. ಅವಳ ಕಣ್ಣಲ್ಲಿ ನೀರು ಮಾತ್ರ ಇತ್ತು. “ನಡುವೆ ಇಟ್ಟಿರಲಿಲ್ಲ ಅಪ್ಪಾ. ಭಾನುವಾರ ಎಲ್ಲರ ಜೊತೆ ಲೈನಲ್ಲಿ ನಿಂತು ನಾನೇ ಕೈಗೆ ಕೊಟ್ಟೆ. ಫಿಸಿಕ್ಸ್ ಅಂತ ಬರೆದ ಇನ್ನೊಂದು ಫಾರ್ಮೂ ರೆಡಿ ಇತ್ತು. ನೀವು ಓದಿ ಬೇಡ ಅಂದಿದ್ರೆ ಅದನ್ನೇ ಕೊಡ್ತಿದ್ದೆ.”

“ಮತ್ತೆ?”

“ನೀವು ತಲೆ ಎತ್ತಲೇ ಇಲ್ಲ. ಸೈನ್ ಮಾಡಿ, ‘ನೆಕ್ಸ್ಟ್’ ಅಂದ್ರಿ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನನ್ನ ಸಿಟ್ಟೇನೂ ಇಳಿದಿಲ್ಲ, ಈಗಲೂ ಕುದಿಯುತ್ತಲೇ ಇದೆ. ಅದು ಮಗಳ ಮೇಲಲ್ಲ ಎಂದು ಅವಳಿಗೆ ಹೇಳಲು ಮಾತ್ರ ಇನ್ನೂ ಬಾಯಿ ಬಂದಿಲ್ಲ.