ದಿಂಬಿಗೊಬ್ಬ ಅಂಬಿಗ

ಹೆಂಡತಿ: ದಿಂಬಿನ ಜೊತೆ ಅಂಬಿಗನ್ನ ಕಳಿಸ್ತೀವಿ ಅಂತ ಬರೆದವರು ಯಾರು ಅಂತ ಕೇಳ್ತಿದೀನಿ.

ಗಂಡ: ಯಾರೂ ಬರೆದಿಲ್ಲ ಕಣೇ. ಅಂಟಿಸಿದ್ದು.

ಹೆಂಡತಿ: ಎಲ್ಲಿಂದ ತಂದು ಅಂಟಿಸಿದ್ರಿ?

ಗಂಡ: ದೋಣಿ ಬಾಡಿಗೆಗೆ ಕೊಡೋ ಕಂಪನಿ ಒಂದಿದೆ. ಅವರ ನಿಬಂಧನೆಗಳು ನೋಡೋಕೆ ಬಹಳ ಗಂಭೀರವಾಗಿದ್ವು.

ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ಗವಸು ಹಾಗೇ ಸಿಕ್ಕಿಕೊಂಡಿತ್ತು. ಅವಳು ಬೂರುಗದ ಹತ್ತಿ ತುಂಬಿ ದಿಂಬು ಮಾಡುತ್ತಿದ್ದಳು, ಗಂಡ ಅದನ್ನು ಆನ್‌ಲೈನಿನಲ್ಲಿ ಮಾರುತ್ತಿದ್ದ. ಅಂಗಡಿ ತೆರೆಯುವ ದಿನ ‘ನಿಯಮ ಮತ್ತು ನಿಬಂಧನೆ’ ಎಂಬ ಖಾಲಿ ಜಾಗ ಎದುರಾಗಿತ್ತು. ವಕೀಲೆಯಾದ ಅಕ್ಕನನ್ನು ಕೇಳಿದರೆ ಬೈಗುಳ ಖಚಿತವೆಂದು ಈ ಪುಣ್ಯಾತ್ಮ ದೋಣಿಯವರದನ್ನೇ ಎತ್ತಿಕೊಂಡು, ‘ದೋಣಿ’ ಎಂದಿದ್ದ ಕಡೆಯೆಲ್ಲ ‘ದಿಂಬು’ ಎಂದು ಬದಲಾಯಿಸಿದ್ದ. ಆದ್ದರಿಂದ ಅವರ ಅಂಗಡಿಯಲ್ಲಿ ದಿಂಬು ಏರುವ ಮುನ್ನ ಜೀವರಕ್ಷಕ ಅಂಗಿ ತೊಡುವುದು ಕಡ್ಡಾಯವಾಗಿತ್ತು. ಬಿರುಗಾಳಿಯಲ್ಲಿ ದಿಂಬು ಮಗುಚಿದರೆ ಕಂಪನಿ ಹೊಣೆಯಾಗುತ್ತಿರಲಿಲ್ಲ. ಕುಡಿದು ದಿಂಬು ನಡೆಸುವಂತಿರಲಿಲ್ಲ.

ನಿಬಂಧನೆ ಓದುವ ಮನುಷ್ಯ ಭೂಮಿಯ ಮೇಲೆ ಹುಟ್ಟಿಯೇ ಇಲ್ಲವೆಂದು ಗಂಡ ನಂಬಿದ್ದ. ಒಬ್ಬರು ಹುಟ್ಟಿದ್ದರು, ಅಷ್ಟೇ ಅಲ್ಲ, ಅಚ್ಚುಮನೆಯಲ್ಲಿ ಆಯುಷ್ಯವಿಡೀ ಕರಡು ತಿದ್ದಿ ನಿವೃತ್ತರೂ ಆಗಿದ್ದರು. ದಿಂಬು ತನ್ನ ತಲೆಗೆ ಒಗ್ಗುತ್ತಿಲ್ಲವೆಂದೂ, ‘ಮೊದಲ ಸಲ ಬಳಸುವವರ ಜೊತೆ ಕಂಪನಿಯ ನುರಿತ ಅಂಬಿಗನೊಬ್ಬ ಉಚಿತವಾಗಿ ಇರತಕ್ಕದ್ದು’ ಎಂಬ ನಿಬಂಧನೆಯಂತೆ ಅವನನ್ನು ಕೂಡಲೇ ಕಳಿಸಬೇಕೆಂದೂ, ತಪ್ಪಿದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುವುದಾಗಿಯೂ ಆ ಗಿರಾಕಿ ನೋಟಿಸು ಕೊಟ್ಟಿದ್ದರು. ಅದರ ಪ್ರತಿ ಮಾರಾಟದ ಜಾಲತಾಣಕ್ಕೂ ಹೋಗಿತ್ತು. ಜಾಲತಾಣದವರು ಮಾತು ಬೆಳೆಸಲಿಲ್ಲ: ಸಂಜೆಯೊಳಗೆ ದೂರು ಬಗೆಹರಿಯದಿದ್ದರೆ ಅಂಗಡಿ ಬಂದ್.

ಇನ್ನೊಬ್ಬರ ಯಂತ್ರದ ಮುಂದೆ ಕೂತು, ಇನ್ನೊಬ್ಬರ ಅಳತೆಗೆ ಹೊಲಿದು ಬೆನ್ನು ಬಗ್ಗಿದ ಮೇಲೆ ಅವಳು ಕಟ್ಟಿಕೊಂಡ ಅಂಗಡಿ ಅದು. ಮತ್ತೆ ಅಲ್ಲಿಗೇ ಹೋಗಿ ಕೂರುವುದನ್ನು ನೆನೆದರೆ ಅವಳಿಗೆ ಸೂಜಿಯ ಮೇಲೆ ಕೂತಂತಾಗುತ್ತಿತ್ತು.

ಹೆಂಡತಿ: ಇಷ್ಟು ದಿನ ದಿಂಬಿಗೆ ನಾನು ಕೇಸು ಹೊಲಿದು ಹಾಕ್ತಿದ್ದೆ. ಈಗ ದಿಂಬೇ ನನ್ನ ಮೇಲೆ ಕೇಸು ಹಾಕಿಸ್ತಿದೆ.

ಬೇರೆ ದಾರಿಯಿಲ್ಲದೆ ಅವಳೇ ಅತ್ತಿಗೆಗೆ ಫೋನು ಮಾಡಿದಳು. ವಕೀಲೆ ಅತ್ತಿಗೆ ಕರಿಕೋಟನ್ನು ತೋಳಿಗೆ ಹಾಕಿಕೊಂಡೇ ಬಂದರು. ಹತ್ತಿಯ ಮೂಟೆಯ ಮೇಲೆ ಕೂತು ನಿಬಂಧನೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನಗು ತಡೆಯಲಾಗದೆ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ತಮ್ಮನ ಕಡೆ ತಿರುಗಿದಾಗ ಮುಖದಲ್ಲಿ ನಗುವಿರಲಿಲ್ಲ.

ಗಂಡ: ಅದು ನಮ್ಮದಲ್ಲ, ದೋಣಿಯವರದ್ದು, ಕೈತಪ್ಪಿ ಬಂದಿದೆ ಅಂತ ಹೇಳಿಬಿಡೋಣ ಅಕ್ಕಾ.

ಅತ್ತಿಗೆ: ಹೇಳು. ನಮ್ಮ ಬರಹ ಕದ್ದೆ ಅಂತ ದೋಣಿಯವರು ಹಿಡ್ಕೋತಾರೆ.

ಗಂಡ: ಹಾಗಾದ್ರೆ ನಮ್ಮದೇ ಅನ್ನೋಣ.

ಅತ್ತಿಗೆ: ಅನ್ನು. ಕೊಟ್ಟ ಮಾತು ನಡೆಸಿಲ್ಲ ಅಂತ ಗಿರಾಕಿ ಹಿಡ್ಕೋತಾರೆ.

ಗಂಡ: ಮತ್ತೆ ನಾನೇನು ಮಾಡ್ಲಿ?

ಅತ್ತಿಗೆ: ಹೊರಡು.

ಗಂಡ: ಎಲ್ಲಿಗೆ?

ಅತ್ತಿಗೆ: ದಿಂಬು ನಡೆಸೋಕೆ. ಅಂಬಿಗ ಬೇಕು ಅಂದಿದಾರೆ, ಅಂಬಿಗ ಹೋಗಲಿ. ಅವರ ಬಾಯಿಂದ ಸಮಾಧಾನ ಆಯ್ತು ಅನ್ನಿಸಿಕೊಂಡು ಬಾ.

ತಾನು ಸಂಸ್ಥಾಪಕ, ಸಂಸ್ಥಾಪಕರು ಗಿರಾಕಿಯ ಮಂಚದ ಪಕ್ಕ ನಿಲ್ಲುವ ಪದ್ಧತಿ ಯಾವ ಕಂಪನಿಯಲ್ಲೂ ಇಲ್ಲ ಎಂದು ಅವನು ವಾದಿಸಿದ. ಹೆಂಡತಿ ಚಪ್ಪಲಿ ತಂದು ಬಾಗಿಲ ಬಳಿ ಜೋಡಿಸಿದಳು. ವಾದ ಅಲ್ಲಿಗೆ ಮುಗಿಯಿತು.

ಅವನು ಹೋದ ಮೇಲೆ ಅತ್ತಿಗೆ ಕಂಪ್ಯೂಟರಿನ ಮುಂದೆ ಕೂತು ಹೊಸ ನಿಬಂಧನೆ ಬರೆಯತೊಡಗಿದರು. ಹಿಂದಿರುಗಿಸುವುದು ಹೇಗೆ, ಹತ್ತಿಯ ಹೊಣೆ ಯಾರದು, ಗಿರಾಕಿಯ ವಿಳಾಸವನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು ಎಂದು ಒಂದೊಂದೇ ಕೇಳಿದರು. ಉತ್ತರ ಕೊಡುತ್ತಲೇ ಅವಳು ಕಿಟಕಿ ನೋಡುತ್ತಿದ್ದಳು. ಬಿಸಿಲು ಎದುರು ಮನೆಯ ಗೋಡೆಯಿಂದ ಇಳಿದು ರಸ್ತೆಗೆ ಬಂತು. ಗಂಡನಿಗೆ ಮಾಡಿದ ಫೋನು ಸುಮ್ಮನೆ ಬಡಿದುಕೊಂಡಿತು. ಜಗಳವಾಗಿರಬೇಕು ಎಂದುಕೊಂಡಳು. ಅಂಗಡಿ ಹೋಯಿತು ಎಂದುಕೊಂಡಳು.

ಕಡೆಗೂ ಫೋನು ಬಂತು. ಗಿರಾಕಿಯೇ ಮಾಡಿದ್ದರು, ಪಿಸುಮಾತಿನಲ್ಲಿ.

ಗಿರಾಕಿ: ದೂರು ವಾಪಸ್ ತಗೊಂಡಿದೀನಮ್ಮ. ಜಾಲತಾಣದವರಿಗೂ ಬರೆದು ಹಾಕಿದೀನಿ.

ಅವಳು ಯಂತ್ರದ ಮೇಲೆ ಕೈಯೂರಿ ನಿಂತಳು. ತನ್ನ ಯಜಮಾನರು ಸರಿಯಾಗಿ ತೋರಿಸಿಕೊಟ್ಟರೇ ಎಂದು ಕೇಳಿದಳು.

ಗಿರಾಕಿ: ತೋರಿಸಿದ್ರು. ಹೀಗೆ ತಲೆ ಇಡಬೇಕು ಸರ್ ಅಂದ್ರು, ಇಟ್ರು. ಅಷ್ಟೇ. ಆಗಿನಿಂದ ಗೊರಕೆ. ದಿಂಬಿನ ತಪ್ಪಿಲ್ಲ, ನನ್ನ ಕತ್ತೇ ಸರಿ ಇಲ್ಲ ಅಂತ ಗೊತ್ತಾಯ್ತು. ನಿದ್ದೆ ಹತ್ತೋ ಮುಂಚೆ, ‘ಇಂಥ ದಿಂಬು ನಮ್ಮನೇಲಿ ಒಂದೂ ಇಲ್ಲ’ ಅಂತ ಏನೋ ಅಂದ್ರಪ್ಪ.

ಅದು ನಿಜ. ಹೊಲಿದದ್ದೆಲ್ಲ ಮಾರಿಹೋಗುತ್ತಿತ್ತು. ಮನೆಯಲ್ಲಿ ಇಬ್ಬರೂ ಹಳೆಯ ಚಾದರ ಮಡಿಸಿ ತಲೆಗಿಟ್ಟುಕೊಳ್ಳುತ್ತಿದ್ದರು. ಅವಳಿಗೆ ಗಂಡನ ಮೇಲೆ ಒಂದು ಗಳಿಗೆ ಕನಿಕರ ಬಂತು.

ಗಿರಾಕಿ: ಈಗ ಇವರನ್ನ ಎಬ್ಬಿಸ್ಲಾಮ್ಮ?

ಅವಳು ಕಂಪ್ಯೂಟರಿನ ಮುಂದಿದ್ದ ಅತ್ತಿಗೆಯನ್ನು ನೋಡಿದಳು. ಅರ್ಧ ಪುಟವಷ್ಟೇ ಆಗಿತ್ತು.

ಹೆಂಡತಿ: ದಮ್ಮಯ್ಯ, ಬೇಡಿ ಸರ್. ಅತ್ತಿಗೆ ಹೊಸ ನಿಬಂಧನೆ ಬರೆದು ಮುಗಿಸೋ ತನಕ ಮಲಗಿರಲಿ. ಈಗಲೇ ಎದ್ದು ಬಂದ್ರೆ ಅವರೂ ಒಂದೆರಡು ಸೇರಿಸ್ತಾರೆ.