ತಾರಸಿಯ ಮೇಲಿನ ಉಪ್ಪಿನ ಕೆರೆ

ಇಡೀ ಭದ್ರಾವತಿಯಲ್ಲಿ ಸ್ವಂತ ಕೆರೆ ಇದ್ದದ್ದು ನನ್ನ ಸೋದರಮಾವನಿಗೆ ಮಾತ್ರ. ಅದೂ ತಾರಸಿಯ ಮೇಲೆ! ಕಾಗೆಯೊಂದು ಒಮ್ಮೆ ಕೊಕ್ಕಿಟ್ಟು ನೋಡಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಯಾಕೆಂದರೆ ಅದು ಉಪ್ಪಿನ ಕೆರೆ.

ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಮಾವ, ನಿವೃತ್ತರಾದ ಮರುದಿನವೇ ಮೀನು ಸತ್ತು ಖಾಲಿ ಬಿದ್ದಿದ್ದ ಪುಟ್ಟ ಗಾಜಿನ ತೊಟ್ಟಿಯನ್ನು ಮೇಲೆ ಹೊತ್ತರು. ಮಳೆಗಾಲದಲ್ಲಿ ಕಾಲುವೆಯ ಕಪ್ಪು ಕೆಸರನ್ನು ಉಪ್ಪುನೀರಿನಲ್ಲಿ ಕಲಸಿ ಸುರಿಯುವುದು. ಅದು ತಳಕ್ಕೆ ಕೂತರೆ ಒಂದು ಕಪ್ಪು ಗೆರೆ. ಬೇಸಿಗೆಯಲ್ಲಿ ನೀರು ಆರಿ ಉಪ್ಪು ಹರಳುಗಟ್ಟಿದರೆ ಅದರ ಮೇಲೊಂದು ಬಿಳಿ ಗೆರೆ. ಹೀಗೆ ವರ್ಷಕ್ಕೊಂದು ಜೋಡಿ. ಜೋರು ಮಳೆ ಬಂದರೆ ಕೆರೆಗೆ ಕೊಡೆ ಹಿಡಿದು ತಾವು ನೆನೆಯುತ್ತಿದ್ದರು.

"ಹೊಳೆ ಒಳಗೆ ಬರುತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ. ನೀರು ಆವಿಯಾಗುತ್ತೆ, ಹೊತ್ತು ತಂದಿದ್ದೆಲ್ಲ ಇಲ್ಲೇ ಉಳಿಯುತ್ತೆ. ಉಪ್ಪಿನ ಕೆರೆ ಅಂದ್ರೆ ಅಷ್ಟೇ ಕಣೋ," ಎನ್ನುತ್ತಿದ್ದರು ಮಾವ.

"ನಮ್ಮನೆ ಅಟ್ಟಾನೂ ಹಾಗೇ," ಎನ್ನುತ್ತಿದ್ದರು ಅತ್ತೆ.

ಅತ್ತೆಗೂ ಆ ಕೆರೆಗೂ ಎಣ್ಣೆ ಸೀಗೆಕಾಯಿ. ಒಮ್ಮೆ ನೆಂಟರು ಬಂದ ಹೊತ್ತಿಗೇ ಅಡುಗೆಮನೆಯ ಉಪ್ಪು ಮುಗಿಯಿತು. "ಮೇಲಿಂದ ಒಂದು ಚಮಚ ಕೆರೆದು ತಾ," ಎಂದು ನನ್ನನ್ನು ಅಟ್ಟಿದರು. ಮಾವ ತೊಟ್ಟಿಗೆ ಅಡ್ಡ ನಿಂತರು. "ಮೂರು ವರ್ಷದ ಚರಿತ್ರೆ ಮಾರಾಯ ಇದು, ಸಾರಿಗೆ ಹಾಕ್ತೀಯಾ?" ನೆಂಟರು ಅಂದು ಸಪ್ಪೆ ಸಾರು ಉಂಡು ಹೋದರು.

ಕಳೆದ ತಿಂಗಳು ಇಬ್ಬರೂ ಶಿವಮೊಗ್ಗದ ಆಲ್ಕೊಳಕ್ಕೆ ಮನೆ ಬದಲಿಸಿದರು. "ಅದನ್ನ ಅಲ್ಲೇ ಚೆಲ್ಲಿ ಬನ್ನಿ," ಎಂದು ಅಪ್ಪಣೆ ಕೊಟ್ಟು ಅತ್ತೆ ಮುಂಚೆಯೇ ಬಸ್ಸು ಹತ್ತಿದರು. ಮಾವ ಕೇಳುತ್ತಾರೆಯೇ? ಗೂಡ್ಸ್ ಆಟೋದ ಹಿಂದೆ ನಾನು, ಮಾವ; ಮಾವನ ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಕೆರೆ. ಜೋರಾಗಿ ಕುಲುಕಿದರೆ ಏಳು ವರ್ಷದ ಗೆರೆಗಳೆಲ್ಲ ಕಲಸಿ ರಾಡಿ! ಪ್ರತಿ ರೋಡ್ ಹಂಪ್‌ಗೂ ಮಾವ ಕೂಗಿದರು, "ನಿಧಾನ ಮಾರಾಯ."

"ಒಳಗೇನು ಸಾರ್, ಬಾಂಬಾ?" ಎಂದ ಡ್ರೈವರ್.

"ಕೆರೆ."

ಅವನು ವೇಗ ಇನ್ನೂ ಇಳಿಸಿದ. ಸೊಪ್ಪು ಮಾರುವವನ ಸೈಕಲ್ಲೂ ನಮ್ಮನ್ನು ಹಿಂದೆ ಹಾಕಿತು.

"ಯಾಕ್ ಮಾವ ಈ ಒದ್ದಾಟ? ಹೊಸ ಮನೇಲಿ ಹೊಸದು ಶುರು ಮಾಡಬಹುದಲ್ಲ?" ಎಂದು ರೇಗಿದೆ.

ಮಾವ ಗಾಜಿನ ಮೇಲೆ ಬೆರಳಿಟ್ಟರು. ಅಷ್ಟು ಕಪ್ಪು ಗೆರೆಗಳ ನಡುವೆ ಒಂದು ಮಾತ್ರ ಕೆಂಪಗಿತ್ತು.

"ಹಾರ್ಟ್ ಆಪರೇಷನ್ ಆಗಿ ಒಂದು ಮಳೆಗಾಲ ಪೂರ್ತಿ ನಾನು ಮೆಟ್ಟಿಲು ಹತ್ತೋ ಹಾಗಿರಲಿಲ್ಲವಲ್ಲ, ಆ ವರ್ಷದ್ದು. ಗೆರೆ ತಪ್ಪಿಹೋಯ್ತು ಅಂದ್ಕೊಂಡಿದ್ದೆ. ಹುಷಾರಾಗಿ ಮೇಲೆ ಹೋಗಿ ನೋಡಿದ್ರೆ ಇದು. ಕಾಲುವೆ ಮಣ್ಣಲ್ಲ, ನಿಮ್ಮತ್ತೆ ಗುಲಾಬಿ ಕುಂಡದ ಮಣ್ಣು." ತೊಟ್ಟಿಯನ್ನು ದಿಂಬಿನ ಮೇಲೆ ಸರಿಮಾಡಿಕೊಂಡರು. "ಅವಳಿಗೆ ಹೇಳಬೇಡ. ನಂಗೆ ಗೊತ್ತಿಲ್ಲ ಅಂತ ತಿಳ್ಕೊಂಡಿದ್ದಾಳೆ."

ಆಲ್ಕೊಳದ ಮನೆಯ ಗೇಟಿನಲ್ಲಿ ಅತ್ತೆ ನಿಂತಿದ್ದರು. "ತಂದ್ರಾ ಆ ಶನೀನ," ಎಂದು ಬೈಯುತ್ತಲೇ ಬಂದು, ಕುಲುಕದ ಹಾಗೆ ತೊಟ್ಟಿಯ ಒಂದು ಕಡೆ ಹಿಡಿದುಕೊಂಡರು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅತ್ತೇಬಿಡುತ್ತಿದ್ದೆ.